ಮೇಸ್ತ್ರಿಗೆ ಬೇಡ ಅನ್ನಲು ಬರುವುದಿಲ್ಲ

ಫೆಬ್ರವರಿ ೪, ಮಂಗಳವಾರ

ಇವತ್ತು ಡಾಕ್ಟರು ನನ್ನನ್ನು ಮದುವೆಯಾಗುತ್ತೀರಾ ಎಂದು ಕೇಳಿದರು. ನಾನು ಹೂಂ ಅಂದೆ. ಆದರೂ ನಿಶ್ಚಯವಾಗಲಿಲ್ಲ.

ಮೊದಲಿನಿಂದ ಬರೆಯುತ್ತೇನೆ. ಡಾಕ್ಟರು ಅಂದರೆ ನಮ್ಮ ಬೀದಿಯ ತುದಿಯಲ್ಲಿರುವ ಪ್ರಾಣಿಗಳ ಕ್ಲಿನಿಕ್ಕಿನ ಡಾಕ್ಟರು. ಅವರ ಕಂಪ್ಯೂಟರ್ ಕೆಟ್ಟಾಗ ಸರಿ ಮಾಡಿಕೊಡಲು ಹೋಗಿ, ಆಮೇಲೆ ಅದು ಕೆಡದಿದ್ದಾಗಲೂ ಹೋಗಿ, ಹೀಗೇ ಒಂದು ವರ್ಷವಾಯಿತು. ಇವತ್ತು ಒಂದು ಬೆಕ್ಕಿಗೆ ಇಂಜೆಕ್ಷನ್ ಕೊಟ್ಟು, ಕೈ ತೊಳೆದು, ಟವೆಲಿನಲ್ಲಿ ಒರೆಸಿಕೊಳ್ಳುತ್ತಾ ಅವರು ಹೇಳಿದರು: "ದೂರದ ದೊಡ್ಡಾಸ್ಪತ್ರೆಯವರು ಕೆಲಸಕ್ಕೆ ಕರೀತಿದಾರೆ. ಮಾರ್ಚ್ ಹದಿನೈದರೊಳಗೆ ಉತ್ತರ ಹೇಳ್ಬೇಕು. ಈ ಕ್ಲಿನಿಕ್ ಬಿಟ್ಟು ಹೋಗೋಕೆ ನಂಗೇನೂ ಇಷ್ಟ ಇಲ್ಲ. ಆದ್ರೆ ಇಲ್ಲಿ ಒಬ್ಬಳೇ ಇದ್ದು ಇದ್ದು ಸಾಕಾಗಿದೆ. ನೀವು ನನ್ನನ್ನ ಮದುವೆ ಆಗ್ತೀರಾ?"

ನಾನು ಹೂಂ ಅಂದೆ. ಅಷ್ಟರಲ್ಲಿ ಬಾಗಿಲ ಬಳಿ ನಿಂತಿದ್ದ ಔಷಧ ಕಂಪನಿಯವನು, "ಸಾರ್, ನಮ್ಮ ಕ್ಯಾಲೆಂಡರ್ ಒಂದು ಕೊಡ್ಲಾ?" ಅಂದ. ಅದೇ ಉಸಿರಿನಲ್ಲಿ ಅವನಿಗೂ ಹೂಂ ಅಂದೆ. ಕ್ಯಾಲೆಂಡರು ಹೋದ ವರ್ಷದ್ದು.

ಡಾಕ್ಟರು ಟವೆಲು ಮಡಿಸಿಟ್ಟರು. "ಎರಡೂ ಹೂಂ ಒಂದೇ ಥರ ಇತ್ತಲ್ರೀ," ಅಂದರು.

"ಇಲ್ಲ ಡಾಕ್ಟರೇ, ನಿಮಗೆ ಅಂದಿದ್ದು ಬೇರೆ..."

"ನೀವು ಯಾರಿಗೆ ತಾನೇ ಇಲ್ಲ ಅಂದಿದೀರಿ? ಕ್ಲಿನಿಕ್ ಗುಡಿಸಿ ಅಂದ್ರೂ ಹೂಂ, ಮದುವೆ ಆಗಿ ಅಂದ್ರೂ ಹೂಂ. ಇವರಿಗೆ ನಾನು ಬೇಕಾಗಿದ್ನೋ, ಇಲ್ಲಾ ಬೇಡ ಅನ್ನೋಕೆ ಬಾಯಿ ಬರಲಿಲ್ವೋ ಅಂತ ಜೀವಮಾನ ಇಡೀ ಯೋಚಿಸ್ತಾ ಕೂರೋಳು ನಾನು." ಆಮೇಲೆ ಸ್ವಲ್ಪ ಮೆತ್ತಗಾಗಿ, "ಒಂದು ಸಲ ನನಗೆ ಮನಸಾರೆ ಬೇಡ ಅನ್ನಿ. ಯಾವುದಕ್ಕಾದ್ರೂ ಸರಿ. ಆಮೇಲೆ ಮತ್ತೆ ಕೇಳ್ತೀನಿ," ಅಂದರು.

ನಾನು ಹೂಂ ಅಂದೆ.

ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ನೆಲ ಸಿಗಲಿಲ್ಲ. ಷರತ್ತು ಏನಾದರೂ ಇರಲಿ, ಕೇಳಿದ್ದಂತೂ ನಿಜ. ನನ್ನನ್ನು. ಅವರಾಗಿಯೇ.

ಫೆಬ್ರವರಿ ೬, ಗುರುವಾರ

ಅಕ್ಕನಿಗೆ ಹೇಳಿಬಿಟ್ಟೆ. ಅಕ್ಕ ಭಾವ ಕೆಳಗಿದ್ದಾರೆ, ನಾನು ಅವರ ಮಹಡಿಯ ಮೇಲಿನ ಕೋಣೆಯಲ್ಲಿ. ನಾನು ಎರಡು ದಿನದಿಂದ ಮೆಟ್ಟಿಲನ್ನು ಹಾರಿ ಹಾರಿ ಇಳಿಯುವುದು ನೋಡಿ ಅವಳೇ ಹಿಡಿದು ನಿಲ್ಲಿಸಿ ಬಾಯಿ ಬಿಡಿಸಿದಳು. ಮೊದಲು ಕುಣಿದಾಡಿದಳು. ಷರತ್ತು ಕೇಳಿದ ಮೇಲೆ ತಲೆಯ ಮೇಲೆ ಕೈ ಹೊತ್ತು ಕೂತಳು.

"ಮುಗೀತು ಬಿಡು. ಹೊಟ್ಟೇಲಿದ್ದಾಗಲೂ ಅಮ್ಮನ್ನ ಒದ್ದವನಲ್ಲ ನೀನು."

"ಅಭ್ಯಾಸ ಮಾಡಿದ್ರೆ ಬರುತ್ತೆ ಅಕ್ಕ."

"ಸರಿ, ನನ್ನ ಮೇಲೇ ಮಾಡು. ಸಾಯಂಕಾಲ ನನ್ನ ಜೊತೆ ಅಂಗಡಿಗೆ ಕಿಟಕಿ ಪರದೆ ಆರಿಸೋಕೆ ಬರ್ತೀಯಾ?"

ಬಾಯಿ ತೆರೆದೆ. ಮಾತು ನಾಲಗೆಯ ತುದಿಯವರೆಗೂ ಬಂತು. ಆಗ ಅಕ್ಕನ ಮುಖ ನೋಡಿದೆ. ಪಾಪ, ಒಬ್ಬಳೇ ಅಷ್ಟು ದೂರ ಹೋಗಬೇಕಲ್ಲ ಅನ್ನಿಸಿತು. "ಎಷ್ಟು ಗಂಟೆಗೆ?" ಅಂದೆ.

ಪರದೆ ಚೆನ್ನಾಗಿವೆ. ಹೊತ್ತುಕೊಂಡು ಬರುವಷ್ಟರಲ್ಲಿ ಭಾವ ತಮ್ಮ ಹಳೆಯ ಟ್ರೆಡ್‌ಮಿಲ್ ನನ್ನ ಕೋಣೆಯಲ್ಲಿಡಬಹುದೇ ಎಂದು ಕೇಳಿದರು. ಈಗ ನಾನು ಮಂಚ ಸೇರಬೇಕಾದರೆ ಅದರ ಮೇಲೆ ಹತ್ತಿ ಇಳಿಯಬೇಕು.

ಫೆಬ್ರವರಿ ೭

ಡಾಕ್ಟರ ಮುಂದೆ ಒಂದು ಪ್ರಯತ್ನ ಮಾಡಿದೆ. "ಟೀ ಕುಡೀತೀರಾ?" ಅಂದರು. ಎದೆ ಗಟ್ಟಿ ಮಾಡಿಕೊಂಡು "ಬೇಡ" ಅಂದೆ. ಅವರು ಕಣ್ಣರಳಿಸಿ, "ನಿಜವಾಗ್ಲೂ ಬೇಡ್ವಾ?" ಅಂದರು. "ಕೊಡಿ," ಅಂದೆ. ನಕ್ಕು ನಕ್ಕು ಟೀ ಚೆಲ್ಲಿದರು. ಉಳಿದದ್ದು ಅರ್ಧ ಲೋಟ. ಅಂಥ ಟೀ ನಾನು ಕುಡಿದೇ ಇಲ್ಲ.

ಫೆಬ್ರವರಿ ೧೧, ಮಂಗಳವಾರ

ನಾನು ಬರೆದ ಮೇಸ್ತ್ರಿ ಎಂಬ ಪ್ರೋಗ್ರಾಮನ್ನು ಕ್ಲಿನಿಕ್ಕಿನ ಕಂಪ್ಯೂಟರಿಗೆ ಹಾಕಿಕೊಟ್ಟು ಬಂದೆ.

ನಾನೊಬ್ಬನೇ ಓದುವ ಈ ಪುಸ್ತಕದಲ್ಲಿ ಯಾರಿಗೆ ವಿವರಿಸುತ್ತಿದ್ದೇನೋ ಗೊತ್ತಿಲ್ಲ, ಖುಷಿಯಾದಾಗ ವಿವರಿಸುವುದು ನನ್ನ ಚಾಳಿ. ಡಾಕ್ಟರ ಬಳಿ ಒಂದು ಎಐ ಸಹಾಯಕ ಇದೆ. ಮಾತಿನಲ್ಲೇ ಮನೆ ಕಟ್ಟುತ್ತದೆ, ಆದರೆ ಕೈಕಾಲಿಲ್ಲ. ಕೈಕಾಲು ಒದಗಿಸುವುದಕ್ಕೆ ಸರ್ವರ್ ಎಂಬ ಚಿಕ್ಕ ಚಿಕ್ಕ ಆಳುಗಳಿವೆ. ಒಂದು ಕ್ಯಾಲೆಂಡರಿನಲ್ಲಿ ಬರೆಯುತ್ತದೆ, ಒಂದು ಫೈಲು ತೆಗೆದು ಓದುತ್ತದೆ, ಒಂದು ಮೆಸೇಜು ಕಳಿಸುತ್ತದೆ. ಇವನ್ನೆಲ್ಲ ಕೆಲಸಕ್ಕೆ ಹಚ್ಚಬೇಕಾದರೆ ಒಂದು ಸೆಟ್ಟಿಂಗ್ ಫೈಲಿನಲ್ಲಿ ಹೂವಿನ ಬಳ್ಳಿಯಂಥ ಆವರಣ ಚಿಹ್ನೆಗಳ ನಡುವೆ ಒಂದೊಂದರ ಹೆಸರು, ವಿಳಾಸ ಬರೆಯಬೇಕು. ಒಂದು ಕಾಮಾ ತಪ್ಪಿತೋ, ಎಲ್ಲ ಆಳುಗಳೂ ಒಟ್ಟಿಗೆ ಮುಷ್ಕರ. ಡಾಕ್ಟರು ಆ ಫೈಲು ತೆರೆದಾಗಲೆಲ್ಲ ನನಗೆ ಫೋನು ಬರುತ್ತಿತ್ತು. (ಅದೇ ಕಾರಣಕ್ಕೆ ನಾನು ಮೇಸ್ತ್ರಿಯನ್ನು ಮುಗಿಸಲು ಇಷ್ಟು ತಿಂಗಳು ಎಳೆದೆನೋ ಏನೋ.)

ಇನ್ನು ಆ ತಲೆನೋವಿಲ್ಲ. ಮೇಸ್ತ್ರಿ ತೆರೆದರೆ ಒಂದೇ ಕಿಟಕಿ. ಒಂದೊಂದು ಆಳಿಗೆ ಒಂದೊಂದು ಸಾಲು, ಸಾಲಿನ ತುದಿಯಲ್ಲಿ ಸ್ವಿಚ್ಚು, ಕೆಲಸದಲ್ಲಿದ್ದರೆ ಹಸಿರು ದೀಪ. ಫೈಲು ಬರೆಯುವ ಗೋಜನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಸಹಾಯಕ ಏನಾದರೂ ಮಾಡಹೊರಟರೆ ಮೇಸ್ತ್ರಿ ಮೊದಲು ಅಪ್ಪಣೆ ಕೇಳುತ್ತದೆ. ಅದಕ್ಕೆ ಎರಡು ಬಟನ್: 'ಹೂಂ' ಮತ್ತು 'ಆಮೇಲೆ'. 'ಆಮೇಲೆ' ಒತ್ತಿದರೆ ಸ್ವಲ್ಪ ಹೊತ್ತು ಕಾದು, ಯಾರೂ ಏನೂ ಅನ್ನದಿದ್ದರೆ ತಾನೇ ಹೂಂ ಅಂದುಕೊಳ್ಳುತ್ತದೆ. ಬಹಳ ಸಭ್ಯವಾದ ಏರ್ಪಾಡು. ನಾನೇ ಯೋಚಿಸಿದ್ದು.

ಡಾಕ್ಟರು ಸ್ವಿಚ್ಚುಗಳನ್ನು ಟಕಟಕ ಹಾಕಿ ಆರಿಸಿ ನೋಡಿದರು. "ಏನ್ರೀ ಇದು, ಇಷ್ಟು ಚೆನ್ನಾಗಿದೆ," ಅಂದರು. 'ಇಷ್ಟು' ಅನ್ನುವುದನ್ನು ಎಷ್ಟು ಉದ್ದ ಎಳೆದರು ಅಂದರೆ, ಅದರ ಮೇಲೆ ನಾನು ಮನೆಯವರೆಗೂ ತೇಲಿಕೊಂಡು ಬಂದೆ.

ಫೆಬ್ರವರಿ ೧೫, ಶನಿವಾರ

ಅಯ್ಯೋ.

ಕ್ಲಿನಿಕ್ಕಿಗೆ ಹೋದರೆ ಬಾಗಿಲಿನಿಂದ ರಸ್ತೆಯವರೆಗೂ ಜನ. ಜನರ ಕೈಯಲ್ಲಿ, ಕಂಕುಳಲ್ಲಿ, ಬುಟ್ಟಿಯಲ್ಲಿ, ಹಗ್ಗದ ತುದಿಯಲ್ಲಿ ಪ್ರಾಣಿಗಳು. ನಾಯಿಗಳು ಎಣಿಸಲಾರದಷ್ಟು. ಬಕೆಟ್ಟಿನಲ್ಲಿ ಒಂದು ಆಮೆ. ಹೊರಗೆ ಕಂಬಕ್ಕೆ ಕಟ್ಟಿದ ಒಂದು ಕುದುರೆ, ಅದು ಪಕ್ಕದ ಅಂಗಡಿಯ ಬೋರ್ಡು ನೆಕ್ಕುತ್ತಿತ್ತು. ಪಂಜರದ ಗಿಳಿಯೊಂದು ಎಲ್ಲಿ ಕಲಿತಿತ್ತೋ, "ಮುಂದಿನವರು, ಮುಂದಿನವರು" ಎಂದು ಕರೆಯುತ್ತಲೇ ಇತ್ತು. ಅದು ಕರೆದಾಗಲೆಲ್ಲ ಇಬ್ಬರು ಮೂವರು ಒಟ್ಟಿಗೆ ಎದ್ದು ಒಳಗೆ ನುಗ್ಗುತ್ತಿದ್ದರು. ಎಲ್ಲರಿಗೂ ಒಂದೇ ಸಮಯ ಕೊಡಲಾಗಿತ್ತು: ಬೆಳಿಗ್ಗೆ ಹತ್ತು.

ಆದದ್ದು ಇಷ್ಟು. ವಾರವಿಡೀ ಜನ ಮೆಸೇಜಿನಲ್ಲಿ ಶನಿವಾರ ಹತ್ತಕ್ಕೆ ಬರಬಹುದೇ ಎಂದು ಕೇಳಿದ್ದಾರೆ. ಒಬ್ಬೊಬ್ಬರು ಕೇಳಿದಾಗಲೂ ಸಹಾಯಕ ಮೇಸ್ತ್ರಿಯ ಮೂಲಕ ಅಪ್ಪಣೆ ಕೇಳಿದೆ. ಡಾಕ್ಟರು ಕೈತುಂಬ ಕೆಲಸದಲ್ಲಿ 'ಆಮೇಲೆ', 'ಆಮೇಲೆ' ಎಂದು ಒತ್ತುತ್ತಾ ಹೋಗಿದ್ದಾರೆ. ಮೇಸ್ತ್ರಿ ಸ್ವಲ್ಪ ಹೊತ್ತು ಕಾದು, ಸಭ್ಯವಾಗಿ, ಪ್ರತಿಯೊಬ್ಬರಿಗೂ ಹೂಂ ಅಂದಿದೆ.

ನಾನು ಅಂಗಿಯ ತೋಳು ಮಡಚಿ ಕೆಲಸಕ್ಕೆ ನಿಂತೆ. ಆಮೆಯ ಬಕೆಟ್ಟು ಹಿಡಿದೆ, ಕುದುರೆಗೆ ನೀರು ಕೊಟ್ಟೆ. ಒಂದು ಹೆಬ್ಬಾತು ಮಾತ್ರ ನನ್ನನ್ನು ನೋಡಿದ ಗಳಿಗೆಯಿಂದ ಹಗೆ ಸಾಧಿಸಿತು. ಕ್ಲಿನಿಕ್ಕಿನ ಸುತ್ತ ಎರಡು ಸುತ್ತು ಓಡಿಸಿ ಪ್ಯಾಂಟು ಹರಿದುಹಾಕಿತು. ಡಾಕ್ಟರು ಯಾರನ್ನೂ ವಾಪಸ್ಸು ಕಳಿಸಲಿಲ್ಲ. ಸಾಯಂಕಾಲದ ಹೊತ್ತಿಗೆ ಕೊನೆಯ ಬೆಕ್ಕೂ ಹೋದ ಮೇಲೆ ಬಂದು ಕಂಪ್ಯೂಟರಿನ ಮುಂದೆ ನಿಂತರು.

"ಇದರಲ್ಲಿ ಬೇಡ ಅನ್ನೋ ಬಟನ್ ಎಲ್ಲಿದೆ?"

ನಾನು ಬಗ್ಗಿ ನೋಡಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ. ನಾನೇ ಕಟ್ಟಿದ್ದು, ತಿಂಗಳುಗಟ್ಟಲೆ ದಿನವೂ ನೋಡಿದ್ದು. ಅದು ಇಲ್ಲ ಎಂಬುದು ಆ ಕ್ಷಣದವರೆಗೂ ನನ್ನ ತಲೆಗೆ ಹೊಳೆದಿರಲಿಲ್ಲ.

"ಇಟ್ಟಿಲ್ಲ ಡಾಕ್ಟರೇ," ಅಂದೆ.

ಅವರು ನನ್ನನ್ನು ನೋಡಿದರು, ಪರದೆಯನ್ನು ನೋಡಿದರು, ನನ್ನ ಹರಿದ ಪ್ಯಾಂಟನ್ನು ನೋಡಿದರು. ನಗಲು ಶುರು ಮಾಡಿ ನಿಲ್ಲಲಾರದೆ ನಾಯಿ ತೂಗುವ ತಕ್ಕಡಿಯ ಮೇಲೆ ಕೂತುಬಿಟ್ಟರು. ನಾನೂ ನಕ್ಕೆ. ನಗುತ್ತಲೇ ನಾಚಿಕೆಯಿಂದ ಸತ್ತುಹೋದೆ.

ಫೆಬ್ರವರಿ ೧೭, ಸೋಮವಾರ

ಆ ಬಟನ್ ಇಡಲು ಕೂತೆ. ಕೋಡು ಬರೆಯುವುದು ಹತ್ತು ನಿಮಿಷದ ಕೆಲಸ. ಅದರ ಮೇಲೆ ಏನು ಬರೆಯುವುದು ಎಂಬುದೇ ದೊಡ್ಡದಾಯಿತು. ಮೊದಲು 'ಕ್ಷಮಿಸಿ, ಸದ್ಯಕ್ಕೆ ಸಾಧ್ಯವಾಗುತ್ತಿಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ' ಎಂದು ಬರೆದೆ. ಬಟನ್ ಕಿಟಕಿ ದಾಟಿ ಹೊರಗೆ ಹೋಯಿತು. 'ತಪ್ಪು ತಿಳಿಯಬೇಡಿ' ತೆಗೆದೆ. ಆಗಲೂ ಹಿಡಿಸಲಿಲ್ಲ. ಒಂದೊಂದೇ ಮಾತು ಕಡಿಯುತ್ತಾ ಬಂದು ಕೊನೆಗೆ 'ಬೇಡ' ಉಳಿಯಿತು. ಬೋಳು ತಲೆಯ ಹಾಗೆ ಕಂಡಿತು. ಮನಸ್ಸು ತಡೆಯದೆ ಪಕ್ಕದಲ್ಲೊಂದು ಪುಟ್ಟ ಹೂವಿನ ಚಿತ್ರ ಇಟ್ಟೆ.

ಫೆಬ್ರವರಿ ೧೮

ಹೂವು ತೆಗೆದೆ.

ಫೆಬ್ರವರಿ ೨೦, ಗುರುವಾರ

ಎಂಥಾ ಮಜಾ! ಬೆಳಿಗ್ಗೆಯಿಂದ ಪರೀಕ್ಷೆ ಮಾಡುತ್ತಿದ್ದೇನೆ. ಸಹಾಯಕನಿಗೆ ಏನೇನೋ ಹೇಳುವುದು, ಅದು ಅಪ್ಪಣೆ ಕೇಳಿದ ಕೂಡಲೇ 'ಬೇಡ' ಒತ್ತುವುದು. ಏನಾಗುತ್ತದೆ ಗೊತ್ತೇ? ಏನೂ ಆಗುವುದಿಲ್ಲ. "ಸರಿ, ಹಾಗಾದರೆ ಮಾಡುವುದಿಲ್ಲ. ಬೇರೆ ಏನಾದರೂ ಇದೆಯೇ?" ಅನ್ನುತ್ತದೆ. ಮುನಿಸಿಲ್ಲ, ಮೂತಿ ತಿರುಗಿಸುವುದಿಲ್ಲ. ಇನ್ನೊಂದು ಸಲ ಒತ್ತಿದೆ, ಮತ್ತೊಂದು ಸಲ. ಮಧ್ಯಾಹ್ನದ ಊಟ ತಣ್ಣಗಾಗುವವರೆಗೂ ಒತ್ತಿದೆ.

ನಡುವೆ ಭಾವ ಬಂದು ತಮ್ಮ ಹಳೆಯ ಸೈಕಲ್ಲು ಇಲ್ಲಿಡಲೇ ಎಂದು ಕೇಳಿದರು. ಜಾಗ ಇಲ್ಲ ಭಾವ, ಆ ಟ್ರೆಡ್‌ಮಿಲ್ಲನ್ನೂ ತಗೊಂಡು ಹೋಗಿ ಅಂದೆ, ಒತ್ತುತ್ತಾ. ಒಂದು ಪರೀಕ್ಷೆಯಲ್ಲಿ ಮಾತ್ರ ದೀಪ ಹಸಿರೇ ಉಳಿಯಿತು. ಏಕೆಂದು ಪತ್ತೆ ಹಚ್ಚಬೇಕು.

ಫೆಬ್ರವರಿ ೨೩, ಭಾನುವಾರ

ಇವತ್ತು ಆಫೀಸಿಗೆ ಬರಬೇಕೆಂದು ಮೊನ್ನೆ ಬಾಸು ಫೋನು ಮಾಡಿದ್ದರು. ಭಾನುವಾರ ಆಗಲ್ಲ ಸಾರ್, ಸೋಮವಾರ ನೋಡೋಣ ಅಂದಿದ್ದೆ. "ಆಯ್ತಪ್ಪ" ಎಂದು ಇಟ್ಟುಬಿಟ್ಟರು. ಹುಷಾರಿಲ್ಲವೇನೋ, ದನಿ ಸಣ್ಣಗಿತ್ತು. ನಾಳೆ ವಿಚಾರಿಸಬೇಕು.

ಹಸಿರು ದೀಪದ ದೋಷ ಸಿಕ್ಕಿತು. ಮಂಚಕ್ಕೆ ಹೋಗುವ ದಾರಿಯೂ ಸಲೀಸಾಗಿದೆ. ಅಕ್ಕ ಯಾಕೋ ನನ್ನನ್ನು ಒಂದು ಥರ ನೋಡುತ್ತಾಳೆ.

ಮಾರ್ಚ್ ೩, ಸೋಮವಾರ

ಮೇಸ್ತ್ರಿಯನ್ನು ಎಲ್ಲರೂ ಪುಕ್ಕಟೆ ಇಳಿಸಿಕೊಳ್ಳಲಿ ಎಂದು ಹೊರಗೆ ಬಿಟ್ಟಿದ್ದೇನೆ. ಜನ ಬರೆಯುತ್ತಿದ್ದಾರೆ! ಒಬ್ಬ ದರ್ಜಿ, ಒಬ್ಬ ಸಂಗೀತದ ಮೇಷ್ಟ್ರು, ಹಡಗಿನ ಮೇಲಿರುವ ಯಾರೋ ಒಬ್ಬರು. ಹಡಗಿನವರು ಎಲ್ಲ ಆಳುಗಳಿಗೂ ಒಂದೇ ಸಲ ಅಪ್ಪಣೆ ಕೊಡುವ ಬಟನ್ ಬೇಕು ಅಂದರು. ಕೊಡುವುದಿಲ್ಲ ಎಂದು ಒಂದೇ ಸಾಲಿನಲ್ಲಿ ಬರೆದೆ. ಅವರು ವಂದನೆ ಹೇಳಿದರು. ಸಮುದ್ರದ ಮೇಲಿನ ಜನ ಬಹಳ ಒಳ್ಳೆಯವರು.

ಡಾಕ್ಟರು ಇವತ್ತು ನಿಂತುಕೊಂಡೇ ಬಿಸ್ಕತ್ತು ತಿನ್ನುತ್ತಾ, ಹೆಬ್ಬಾತಿನ ಯಜಮಾನರು ನನ್ನನ್ನು ಕೇಳಿದರೆಂದು ಹೇಳಿದರು. ಹೆಬ್ಬಾತೂ ಕೇಳಿತಂತೆ.

ಮಾರ್ಚ್ ೯, ಭಾನುವಾರ

ಖುಷಿಯಲ್ಲಿ ಮೈಮರೆತಿದ್ದೆ. ಇವತ್ತು ಕ್ಯಾಲೆಂಡರು ನೋಡಿದೆ. ಹದಿನೈದು ಬಂದೇಬಿಟ್ಟಿತು. ಇಷ್ಟು ದಿನದಲ್ಲಿ ನಾನು ಸಾಧಿಸಿದ್ದೇನು? ಒಬ್ಬರಿಗಾದರೂ ಬೇಡ ಅಂದೆನೇ? ನೆನಪಿಸಿಕೊಂಡು ನೆನಪಿಸಿಕೊಂಡು ನೋಡಿದೆ, ಒಂದೂ ಇಲ್ಲ. ಅಂಥ ಮನುಷ್ಯ ಡಾಕ್ಟರಂಥವರ ಮುಖಕ್ಕೇ ಬೇಡ ಅನ್ನುವುದು ಎಲ್ಲಿಂದ ಬರಬೇಕು.

ಅಕ್ಕನ ಮುಂದೆ ಹೇಳಿಕೊಂಡೆ. ಅವಳು ಬಟ್ಟೆ ಮಡಿಸುವುದು ನಿಲ್ಲಿಸಿ, "ನಿಜವಾಗ್ಲೂ ಒಂದೂ ಇಲ್ವಾ?" ಅಂದಳು. ಇಲ್ಲ ಅಂದೆ. "ನೀನು ನನ್ನ ತಮ್ಮನೇ, ಅನುಮಾನ ಇಲ್ಲ," ಎಂದು ಮತ್ತೆ ಮಡಿಸತೊಡಗಿದಳು. ಏನು ಹೇಳಿದಳೋ.

ಅವರು ಹೋಗಿಬಿಟ್ಟರೆ ಈ ಬೀದಿಯಲ್ಲಿ ನಾನು ಹೇಗೆ ಓಡಾಡಲಿ?

ಮಾರ್ಚ್ ೧೩, ಗುರುವಾರ

ಎಲ್ಲ ಹಾಳಾಯಿತು. ಡಾಕ್ಟರ ಜೊತೆ ಜಗಳವಾಡಿ ಬಂದೆ.

ನಾನಾಗಿ ತೆಗೆದದ್ದಲ್ಲ. ಔಷಧ ಎಷ್ಟು ಕೊಡಬೇಕೆಂದು ಕೇಳಿ ದಿನವಿಡೀ ಅವರಿಗೆ ಮೆಸೇಜು ಬರುತ್ತವೆ. ಮೇಸ್ತ್ರಿ ಪ್ರತಿಯೊಂದಕ್ಕೂ ಅಪ್ಪಣೆ ಕೇಳುತ್ತದೆ. "ಇದೊಂದು ಆಳಿಗೆ ಮಾತ್ರ ನನ್ನನ್ನ ಕೇಳದೇ ಉತ್ತರ ಕಳಿಸೋ ಹಾಗೆ ಮಾಡ್ಕೊಡಿ," ಅಂದರು. "ಫೈಲಲ್ಲಿ ಎಲ್ಲಾ ಇದೆ. ಅದು ಓದಿ ಹೇಳುತ್ತೆ. ನನಗೆ ಸಾಕಾಗಿ ಹೋಗಿದೆ ಕಣ್ರೀ."

"ಔಷಧಕ್ಕೆ ಬೇಡ," ಅಂದೆ.

"ಯಾಕೆ? ಅದು ಇಷ್ಟು ದಿನ ಒಂದೂ ತಪ್ಪು ಹೇಳಿಲ್ಲ."

"ಹೇಳಿದ ದಿನ ನೀವು ಊಟ ಬಿಡ್ತೀರಿ. ಅದು ಬಿಡಲ್ಲ."

"ಕ್ಲಿನಿಕ್ ನಂದು, ಕಂಪ್ಯೂಟರ್ ನಂದು."

"ಮೇಸ್ತ್ರಿ ನಂದು. ಮಾಡ್ಕೊಡಲ್ಲ."

"ನಾನು ಕೇಳಿಕೊಂಡ್ರೂ?"

"ನೀವು ಕೇಳಿಕೊಂಡ್ರೂ. ಒಂದು ಮೊಲದ ಮರಿಗೆ ಔಷಧ ಬರೆದು ಕೊಟ್ಟು, ಅವರು ಮನೆ ಸೇರೋದರೊಳಗೆ ಎರಡು ಸಲ ಫೋನ್ ಮಾಡಿ ವಿಚಾರಿಸೋರು ನೀವು. ಇವತ್ತು ಸುಸ್ತಾಗಿದೆ ಅಂತ ಇದನ್ನ ಕೇಳ್ತಿದೀರಿ. ಬೇಕಾದ್ರೆ ಎಲ್ಲ ಪ್ರಶ್ನೇನೂ ಸಾಯಂಕಾಲ ಒಂದೇ ಕಡೆ ಸೇರಿಸಿ ತೋರಿಸೋ ಹಾಗೆ ಮಾಡ್ತೀನಿ, ಅರ್ಜೆಂಟ್ ಇರೋದು ಮೊದಲು ಬರೋ ಹಾಗೆ. ಕೂತು ನೋಡಿ ಒತ್ತಿ. ಕೇಳದೇ ಕಳಿಸೋದು ಆಗಲ್ಲ."

ಇಷ್ಟೆಲ್ಲ ನಾನೇ ಹೇಳಿದೆ. ಮೇಜು ಬೇರೆ ತಟ್ಟಿರಬೇಕು, ಕತ್ತರಿ ಕೆಳಗೆ ಬಿತ್ತು. ಡಾಕ್ಟರು ಕಿಟಕಿಯ ಕಡೆ ತಿರುಗಿಕೊಂಡರು. ಹೆಗಲು ಅಲುಗುತ್ತಿತ್ತು. ಅಳಿಸಿಬಿಟ್ಟೆ ಅವರನ್ನು. ಕತ್ತರಿ ಎತ್ತಿ ಮೇಜಿನ ಮೇಲಿಟ್ಟು ಓಡಿ ಬಂದೆ.

ಕೆಲಸದ ಮಾತು ಬಂದರೆ ನನಗೆ ಮುಂದುಹಿಂದು ಕಾಣುವುದಿಲ್ಲ. ಆ ಷರತ್ತು ನಡೆಸಿಕೊಡಲು ನಾಳೆ ಒಂದೇ ದಿನ ಉಳಿದಿರುವಾಗ, ಮನಸಾರೆ ಒಂದು ಬೇಡ ಹೇಳುವುದು ಬಿಟ್ಟು ಹೋಗಿ ಹೋಗಿ ಜಗಳ ಆಡಿದೆನಲ್ಲ.

ಮಾರ್ಚ್ ೧೪, ಶುಕ್ರವಾರ

ಸಾಯಂಕಾಲ ಎಲ್ಲ ಪ್ರಶ್ನೆಗಳೂ ಒಂದೇ ಕಡೆ ಕಾಣುವ ಹಾಗೆ ಮಾಡಿ ಕ್ಲಿನಿಕ್ಕಿಗೆ ಕಳಿಸಿದೆ. ಜಗಳವಾದರೂ ಹೇಳಿದ ಕೆಲಸ ಹೇಳಿದ್ದೇ. ಅವರಿಂದ ಉತ್ತರವಿಲ್ಲ. ಊಟ ಸೇರಲಿಲ್ಲ.

ಮಾರ್ಚ್ ೧೫, ಶನಿವಾರ

ಬರೆಯಲು ಕೂತರೆ ಕೂರಲಾಗುತ್ತಿಲ್ಲ, ನಿಂತೇ ಬರೆಯುತ್ತಿದ್ದೇನೆ.

ಮಧ್ಯಾಹ್ನ ಡಾಕ್ಟರು ಮನೆಗೆ ಬಂದರು. ಕ್ಲಿನಿಕ್ಕಿನ ಬಿಳಿ ಕೋಟಿನಲ್ಲೇ, ತೋಳಿನ ಮೇಲೆ ಯಾವುದೋ ಬೆಕ್ಕಿನ ಕೂದಲು. ಅಕ್ಕ ಅವರನ್ನು ಮೇಲೆ ಕರೆತಂದು, ಕುರ್ಚಿ ಕೊಟ್ಟು, ಟೀ ತರುತ್ತೇನೆಂದು ಇಳಿದು ಮೆಟ್ಟಿಲ ತಿರುವಿನಲ್ಲೇ ನಿಂತಳು. ನೆರಳು ಕಾಣುತ್ತಿತ್ತು.

"ಮೊನ್ನೆ ಜೋರು ಮಾಡಿದ್ದಕ್ಕೆ..." ಎಂದು ನಾನು ಶುರು ಮಾಡಿದೆ.

"ಔಷಧದ ವಿಷಯ ಇನ್ನೊಂದು ಸಲ ಯೋಚನೆ ಮಾಡಿದ್ರಾ?" ಅಂದರು.

"ಮಾಡಿದೆ. ಅದು ಆಗಲ್ಲ ಡಾಕ್ಟರೇ. ನೀವು ಸಿಟ್ಟಾದ್ರೂ ಆಗಲ್ಲ."

"ಸರಿ," ಅಂದರು. ಸಿಟ್ಟಿದ್ದಂತೆ ಕಾಣಲಿಲ್ಲ. ಕುರ್ಚಿಯ ತುದಿಗೆ ಸರಿದು ಕೂತರು. "ದೊಡ್ಡಾಸ್ಪತ್ರೆಗೆ ಇನ್ನೂ ಉತ್ತರ ಹೇಳಿಲ್ಲ. ನನ್ನನ್ನ ಮದುವೆ ಆಗ್ತೀರಾ?"

ನಾನು ಸುಮ್ಮನಾದೆ. ಯಾಕೆಂದು ನನಗೂ ಗೊತ್ತಿಲ್ಲ. ಇದು ಸಣ್ಣ ಮಾತಲ್ಲ, ಕೇಳಿದ ಕೂಡಲೇ ಹೇಳುವಂಥದ್ದಲ್ಲ ಅನ್ನಿಸಿತು. ಇವರ ಜೊತೆ ದಿನವೂ ಬದುಕುವುದು ಅಂದರೆ ಹೇಗಿರುತ್ತದೆ ಎಂದು ಒಂದೊಂದಾಗಿ ನೋಡತೊಡಗಿದೆ. ಬೆಳ್ಳಂಬೆಳಿಗ್ಗೆ ಯಾರದೋ ಹಸು ಕರು ಹಾಕುತ್ತಿದೆ ಎಂದು ಎದ್ದು ಓಡುವುದು. ಕೈಗೆ ಸದಾ ಔಷಧದ ವಾಸನೆ. ಮನೆಗೆ ಯಾವ ಯಾವ ಪ್ರಾಣಿ ಬರುತ್ತದೋ. ಸುಸ್ತಾದಾಗ ಮಾಡಬಾರದ್ದನ್ನು ಕೇಳುತ್ತಾರೆ, ಆಗೆಲ್ಲ ನಾನು ಜಗಳಕ್ಕೆ ನಿಲ್ಲಬೇಕಾಗುತ್ತದೆ. ನಿಲ್ಲಬಲ್ಲೆನೇ? ನಿಲ್ಲಬಲ್ಲೆ ಅನ್ನಿಸಿತು. ಆಮೇಲೆ ಅವರಿಲ್ಲದ ಮನೆಯನ್ನೂ ಯೋಚಿಸಿ ನೋಡಿದೆ. ಅದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ತಲೆ ಎತ್ತಿದರೆ ಡಾಕ್ಟರ ಮುಖ ಬಿಳಿಚಿಹೋಗಿತ್ತು. ಕುರ್ಚಿಯ ಕೈ ಹಿಡಿದಿದ್ದ ಬೆರಳುಗಳೂ ಬಿಳಿಚಿದ್ದವು. ಒಂದು ಸಿಂಹ ತಂದು ಮೇಜಿನ ಮೇಲೆ ಮಲಗಿಸಿದರೂ ಹೆದರದ ಹೆಂಗಸು.

ಮೆಟ್ಟಿಲಿನಿಂದ ಅಕ್ಕ ತಡೆಯಲಾರದೆ ಕೂಗಿದಳು: "ಹೂಂ ಅನ್ನೋ ಮಂಕೇ."

"ಅಕ್ಕ, ನೀನು ಸುಮ್ಮನಿರು. ಯೋಚನೆ ಮಾಡ್ತಾ ಇದೀನಿ," ಅಂದೆ.

ಮುಗಿಸಿದ ಮೇಲೆ ಅವರ ಕಡೆ ತಿರುಗಿ, "ಹೂಂ. ಆಗ್ತೀನಿ," ಅಂದೆ.

ಡಾಕ್ಟರು ಎದೆಯ ಮೇಲೆ ಕೈಯಿಟ್ಟುಕೊಂಡು, "ಜೀವ ಹೋಗಿ ಬಂತು ಕಣ್ರೀ," ಅಂದರು. ಕಣ್ಣಲ್ಲಿ ನೀರು, ಬಾಯಲ್ಲಿ ನಗು, ಎರಡೂ ಒಟ್ಟಿಗೆ. ಅಲ್ಲೇ ಫೋನು ತೆಗೆದು ದೊಡ್ಡಾಸ್ಪತ್ರೆಯವರಿಗೆ ಬರುವುದಿಲ್ಲ ಎಂದು ಹೇಳಿದರು. ಅಕ್ಕ ಕೆಳಗಿಂದ ಓಡಿಬಂದು ಅವರನ್ನು ತಬ್ಬಿಕೊಂಡಳು, ನನ್ನ ಬೆನ್ನಿಗೆ ಒಂದು ಗುದ್ದಿದಳು. ಇಬ್ಬರೂ ಇಷ್ಟು ಗದ್ದಲ ಮಾಡುವುದೇಕೋ ನನಗೆ ತಿಳಿಯಲಿಲ್ಲ. ಫೆಬ್ರವರಿಯಲ್ಲೂ ನಾನು ಇದನ್ನೇ ಅಂದಿದ್ದೆನಲ್ಲ.

ಅವರು ಹಾಕಿದ ಷರತ್ತು ಮಾತ್ರ ಹಾಗೇ ಉಳಿದುಹೋಯಿತು. ಮನಸಾರೆ ಒಂದು ಬೇಡ ಕೇಳಿದ್ದರು, ಅಷ್ಟೂ ನನ್ನಿಂದಾಗಲಿಲ್ಲ. ಡಾಕ್ಟರು ಆ ಮಾತೇ ಎತ್ತಲಿಲ್ಲ. ಕೆಲಸದ ಗಡಿಬಿಡಿಯಲ್ಲಿ ಮರೆತಿರಬೇಕು. ನಾನಾಗಿ ನೆನಪಿಸಲು ಹೋಗಲಿಲ್ಲ.